ಚಂದದ ಡೆಸ್ಕ್‌ಟಾಪ್ ಇಟ್ಟರೆ ಗೇಮ್ ನಿಧಾನ ಆಗುತ್ತಾ?

ಮಕ್ಕಳೇ, ನಮ್ಮ ಭಾನುವಾರದ ತರಗತಿಯ ಬಿಡುವಿನಲ್ಲಿ ಬಿಸ್ಕತ್ತು ತಿನ್ನುತ್ತಾ ನೀವು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ವ್ಯಾಕರಣದ್ದು ಒಂದೂ ಇರಲ್ಲ, ಎಲ್ಲಾ ಗೇಮಿನದ್ದೇ. ಈ ವರ್ಷ ಹೆಚ್ಚು ಸಲ ಬಂದಿದ್ದು ಇದು: "ಅಂಕಲ್, ವಿಂಡೋಸ್‌ನಲ್ಲಿ ಟ್ರಾನ್ಸ್‌ಪರೆನ್ಸಿ, ಅನಿಮೇಶನ್ ಎಲ್ಲಾ ಆಫ್ ಮಾಡಿದ್ರೆ ಮೈನ್‌ಕ್ರಾಫ್ಟ್ ಫಾಸ್ಟ್ ಆಗುತ್ತಂತೆ, ಹೌದಾ?" ಅಪ್ಪ-ಅಮ್ಮಂದಿರೂ ಓದಲಿ ಅಂತ ಉತ್ತರವನ್ನು ಇಲ್ಲಿ ಬರೀತಿದ್ದೀನಿ. ಬಾಕ್ಸಿಂಗ್ ಡೇ ಸೇಲ್ ಹತ್ತಿರ ಬಂತು, ಮೆಲ್ಬರ್ನಿನ ನಮ್ಮವರ ಮನೆಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಚರ್ಚೆ ಆಗಲೇ ಶುರುವಾಗಿದೆ ಅಂತ ನನಗೆ ಗೊತ್ತು.

ಮೊದಲು ಪರದೆಯ ಹಿಂದೆ ಏನು ನಡೆಯುತ್ತೆ ನೋಡೋಣ. ವಿಂಡೋಸ್ ಎಕ್ಸ್‌ಪಿ ಕಾಲದವರೆಗೂ ಎಲ್ಲಾ ಪ್ರೋಗ್ರಾಂಗಳು ಒಂದೇ ಬೋರ್ಡಿನ ಮೇಲೆ ತಂತಮ್ಮ ಜಾಗದಲ್ಲಿ ನೇರವಾಗಿ ಬರೀತಿದ್ದವು. ಒಂದು ವಿಂಡೋ ಪಕ್ಕಕ್ಕೆ ಸರಿದರೆ ಅದರ ಕೆಳಗಿದ್ದವರು ಮತ್ತೆ ಬರೀಬೇಕಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಪದ್ಧತಿ ಬದಲಾಯಿತು. ಪ್ರತಿಯೊಬ್ಬರಿಗೂ ಒಂದೊಂದು ಸ್ಲೇಟು. ಎಲ್ಲರ ಸ್ಲೇಟು ನೋಡಿ, ಯಾವುದು ಮೇಲೆ, ಯಾವುದು ಕೆಳಗೆ ಅಂತ ಲೆಕ್ಕ ಹಾಕಿ ಬೋರ್ಡಿಗೆ ಇಳಿಸೋಕೆ ಒಬ್ಬ ಮೇಷ್ಟ್ರು. ಈ ಮೇಷ್ಟ್ರ ಹೆಸರು ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್. ಗಾಜಿನಂಥ ಅಂಚು, ನೆರಳು, ಮಬ್ಬು, ಇವೆಲ್ಲ ಇಳಿಸುವಾಗ ಅವರು ಮಾಡುವ ಅಲಂಕಾರ. ಕೆಲಸ ಮಾಡುವುದು ಮಾತ್ರ ನಿಮ್ಮ ಗೇಮಿಗೂ ಬೇಕಾದ ಅದೇ ಗ್ರಾಫಿಕ್ಸ್ ಚಿಪ್ಪು. ಅನುಮಾನ ಹುಟ್ಟೋದು ಅಲ್ಲೇ.

ಆ ಕಾಲಕ್ಕೆ ಅನುಮಾನ ಸರಿಯಾಗಿಯೇ ಇತ್ತು. ವಿಸ್ಟಾದ ಗಾಜಿನ ನೋಟ ಪೂರ್ತಿ ಬೇಕಾದರೆ 128 ಎಂಬಿ ಗ್ರಾಫಿಕ್ಸ್ ಮೆಮೊರಿ ಇರಲಿ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ನಾನು ಆಗ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮ ರೂಮಿನಲ್ಲಿ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್ ಇತ್ತು, ಅಷ್ಟು ಮೆಮೊರಿ ಅದಕ್ಕೆಲ್ಲಿಂದ ಬರಬೇಕು! ಲಿನಕ್ಸ್ ಹಾಕಿ, 2006ರಲ್ಲಿ ಬಂದಿದ್ದ ಕಂಪೀಜ್ ಅನ್ನೋ ತಂತ್ರಾಂಶ ಓಡಿಸ್ತಿದ್ದೆವು. ಡೆಸ್ಕ್‌ಟಾಪು ಘನಾಕಾರವಾಗಿ ತಿರುಗೋದು, ವಿಂಡೋ ಎಳೆದರೆ ಹಲ್ವದ ಹಾಗೆ ಅಲುಗೋದು. ರೂಮಿಗೆ ಬಂದವರಿಗೆಲ್ಲ ತೋರಿಸೋದೇ ಒಂದು ಕೆಲಸ. ಗೇಮ್ ಆಡೋ ಹೊತ್ತಿಗೆ ಮಾತ್ರ ಆಫ್.

ಈಗ ಎರಡು ವಿಷಯ ಬದಲಾಗಿವೆ. ಒಂದು, ವಿಂಡೋಸ್ 8ರಿಂದ ಈಚೆಗೆ ಮೇಷ್ಟ್ರಿಗೆ ರಜೆ ಕೊಡೋಕೇ ಆಗಲ್ಲ. ನೀವು ಟ್ರಾನ್ಸ್‌ಪರೆನ್ಸಿ ಆಫ್ ಮಾಡಿದರೆ ಅಲಂಕಾರ ನಿಲ್ಲುತ್ತೆ, ನಕಲು ನಿಲ್ಲಲ್ಲ. ಇನ್ನೊಂದು, ಗೇಮ್ ಫುಲ್ ಸ್ಕ್ರೀನ್ ಇದ್ದಾಗ ಅದರ ಸ್ಲೇಟು ಬೋರ್ಡಿನಷ್ಟೇ ದೊಡ್ಡದು. ಬೇರೆಯವರ ಸ್ಲೇಟು ಕಾಣೋದೇ ಇಲ್ಲವಲ್ಲ, ಹಾಗಾಗಿ ಸಾಮಾನ್ಯವಾಗಿ ನಕಲು ಮಾಡುವ ಬದಲು ಆ ಸ್ಲೇಟನ್ನೇ ಬೋರ್ಡಿನ ಜಾಗಕ್ಕೆ ಸಿಕ್ಕಿಸಿಬಿಡ್ತಾರೆ. ಅಲಂಕಾರದ ಖರ್ಚು ಆಗ ಹೆಚ್ಚುಕಡಿಮೆ ಸೊನ್ನೆ. ಮಧ್ಯೆ ಯಾವುದಾದರೂ ನೋಟಿಫಿಕೇಶನ್ ಮೇಲೆ ಬಂದು ಕೂತರೆ ಅಷ್ಟು ಹೊತ್ತು ಮೇಷ್ಟ್ರು ಮತ್ತೆ ಚಾಕ್ ಹಿಡೀತಾರೆ.

ಗೇಮನ್ನು ಚಿಕ್ಕ ವಿಂಡೋದಲ್ಲಿ ಆಡಿದರೆ? ಗಣಿತ ಮಾಡೋಣ, ಪೆನ್ಸಿಲ್ ತಗೊಳ್ಳಿ. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ ಸುಮಾರು 20 ಲಕ್ಷದ 73 ಸಾವಿರ ಚುಕ್ಕೆ. ಒಂದೊಂದಕ್ಕೆ 4 ಬೈಟ್, ಒಟ್ಟು ಸುಮಾರು 83 ಲಕ್ಷ ಬೈಟ್. ಸೆಕೆಂಡಿಗೆ 60 ಸಲ ನಕಲು ಮಾಡಬೇಕು, ಒಮ್ಮೆ ಓದಬೇಕು, ಒಮ್ಮೆ ಬರೀಬೇಕು. ಹೆಚ್ಚುಕಡಿಮೆ ಸೆಕೆಂಡಿಗೆ 1 ಜಿಬಿ. ಆರ್‌ಟಿಎಕ್ಸ್ 3060ಯ 12 ಜಿಬಿ ಕಾರ್ಡಿನ ಮೆಮೊರಿಗೆ ಸೆಕೆಂಡಿಗೆ 360 ಜಿಬಿ ಸಾಗಿಸುವ ಶಕ್ತಿ ಇದೆ, ಅದಕ್ಕೆ ಇದು ಪಾಯಸಕ್ಕೆ ಬಿದ್ದ ಒಂದು ದ್ರಾಕ್ಷಿ. ಆದರೆ ಬೇರೆ ಕಾರ್ಡಿಲ್ಲದ, ಡಿಡಿಆರ್4-3200ರ ಒಂದೇ ರ‍್ಯಾಮ್ ಇರುವ ಲ್ಯಾಪ್‌ಟಾಪಿಗೆ ಇರೋದೇ 25.6 ಜಿಬಿ, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಅಲ್ಲಿ ಆ 1 ಜಿಬಿ ಅಂದರೆ ನೂರಕ್ಕೆ 4. ಅದೇ ಲ್ಯಾಪ್‌ಟಾಪನ್ನು ಹಾಲಿನ 4ಕೆ ಟಿವಿಗೆ ಸಿಕ್ಕಿಸಿದರೆ ಚುಕ್ಕೆ ನಾಲ್ಕು ಪಟ್ಟು, ಖರ್ಚು ನೂರಕ್ಕೆ 15ರ ಹತ್ತಿರ. ಮಬ್ಬಿನ ಅಲಂಕಾರ ಇದ್ದರೆ ಇನ್ನೂ ಸ್ವಲ್ಪ, ಯಾಕಂದ್ರೆ ಪ್ರತಿ ಚುಕ್ಕೆಯೂ ಅಕ್ಕಪಕ್ಕದವರನ್ನು ವಿಚಾರಿಸಬೇಕು.

ಇಷ್ಟೆಲ್ಲ ಬರೆಯೋಕೆ ಒಂದು ಕಾರಣ ಇದೆ. ನಮ್ಮ ತರಗತಿಯ ಒಬ್ಬಳು ಹುಡುಗಿ ಪ್ರತಿ ಭಾನುವಾರ ರಾತ್ರಿ ಶಿರಸಿಯಲ್ಲಿರುವ ದೊಡ್ಡಮ್ಮನ ಮಗನ ಜೊತೆ ಮೈನ್‌ಕ್ರಾಫ್ಟ್ ಆಡ್ತಾಳೆ. ಇಲ್ಲಿ ಎಂಟು ಗಂಟೆ ಅಂದರೆ ಅಲ್ಲಿ ಮಧ್ಯಾಹ್ನ ಎರಡೂವರೆ. ಇಬ್ಬರೂ ಸೇರಿ ಅಜ್ಜಿಮನೆ ಕಟ್ಟುತ್ತಿದ್ದಾರೆ, ಅಡಿಕೆ ತೋಟದ ಸಮೇತ. ಅಣ್ಣ ಇಂಗ್ಲಿಷ್ ಮಾತಾಡಲ್ಲ ಅಂತ ಹಟ ಹಿಡಿದಿರೋದರಿಂದ ಮಾತೆಲ್ಲ ಕನ್ನಡದಲ್ಲೇ. ನಿಜ ಹೇಳಬೇಕೆಂದರೆ ನಮ್ಮ ತರಗತಿಗಿಂತ ಅಲ್ಲೇ ಅವಳು ಹೆಚ್ಚು ಕಲಿತಿದ್ದಾಳೆ. ಈಚೆಗೆ ಆಟ ತಡವರಿಸೋಕೆ ಶುರುವಾಯಿತು, ಒಡೆದ ಕಲ್ಲು ಮತ್ತೆ ಪ್ರತ್ಯಕ್ಷ ಆಗುತ್ತಿತ್ತು, ಅಣ್ಣ ಬೇಸರ ಮಾಡಿಕೊಂಡು ಎದ್ದು ಹೋಗುತ್ತಿದ್ದ. ಯಾರೋ ಹೇಳಿದರು ಅಂತ ಅವಳು ಡೆಸ್ಕ್‌ಟಾಪಿನ ಮೇಲಿದ್ದ ಅಜ್ಜಿಯ ಫೋಟೊಗಳನ್ನೆಲ್ಲ ತೆಗೆದು, ಪರದೆ ಕಪ್ಪು ಮಾಡಿಕೊಂಡು ಕೂತಿದ್ದಳು. ಅವಳ ಅಪ್ಪ ಹೊಸ ಗೇಮಿಂಗ್ ಲ್ಯಾಪ್‌ಟಾಪಿನ ಬೆಲೆ ನೋಡ್ತಿದ್ದರು.

ಒಂದು ಭಾನುವಾರ ಅವರು ಹಳೆಯ ಲ್ಯಾಪ್‌ಟಾಪನ್ನೇ ಹಾಲಿಗೆ ತಂದರು. ಎಫ್3 ಒತ್ತಿದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು ಕಾಣುತ್ತೆ. ವಿ-ಸಿಂಕ್ ಆಫ್ ಮಾಡಿ, ಫ್ರೇಮಿನ ಮಿತಿ ತೆಗೆದುಬಿಟ್ಟೆವು, ಇಲ್ಲಾಂದ್ರೆ ಅಂಕಿ 60ಕ್ಕೇ ಅಂಟಿಕೊಂಡು ಏನೂ ಹೇಳಲ್ಲ. ಗೇಮಿನಲ್ಲಿ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ನೋಡುತ್ತಾ, ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಮೂರು ಸಲ. ಅಂಕಿ ಬರೆದುಕೊಳ್ಳುವ ಕೆಲಸ ಉಳಿದ ಮಕ್ಕಳದ್ದು, ಅದೂ ಕನ್ನಡದ ಅಂಕಿಯಲ್ಲೇ. ೬ ಮತ್ತು ೯ ಅದಲುಬದಲಾಗಿ ಒಂದು ಸುತ್ತು ಮತ್ತೆ ಮಾಡಬೇಕಾಯಿತು.

ಟ್ರಾನ್ಸ್‌ಪರೆನ್ಸಿ, ಅನಿಮೇಶನ್ ಆಫ್ ಮಾಡಿದಾಗ ಬಂದ ವ್ಯತ್ಯಾಸ, ಏನೂ ಮಾಡದೆ ಸುಮ್ಮನಿದ್ದಾಗ ಅಂಕಿ ತಾನಾಗಿ ಕುಣಿಯುವಷ್ಟೂ ಇರಲಿಲ್ಲ. ಚಾರ್ಜರ್ ಹಾಕಿದ ತಕ್ಷಣ ಅಂಕಿ ಎದ್ದು ಕಾಣುವಂತೆ ಏರಿತು. ಮನೆಯಲ್ಲಿ ಅವಳು ಸೋಫಾದಲ್ಲಿ ಬ್ಯಾಟರಿ ಮೇಲೇ ಆಡುತ್ತಿದ್ದಳಂತೆ. ಹಿಂದೆ ತೆರೆದಿದ್ದ ಬ್ರೌಸರ್ ಮುಚ್ಚಿದಾಗ ಇನ್ನಷ್ಟು. ಎಲ್ಲಕ್ಕಿಂತ ದೊಡ್ಡದು ರೆಂಡರ್ ಡಿಸ್ಟೆನ್ಸ್. ಅದನ್ನು 16ರಿಂದ 8ಕ್ಕೆ ಇಳಿಸಿದರೆ ದೂರ ಅರ್ಧ ಆದರೂ, ನೆಲದ ವಿಸ್ತೀರ್ಣ ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ಚಿಪ್ಪಿನ ಹೊರೆ ಬಹಳ ಕಡಿಮೆ ಆಗುತ್ತೆ. ತೋಟ ಪೂರ್ತಿ ಕಾಣಲ್ಲ ಅಂತ ಅವಳು ಮುಖ ಸಣ್ಣ ಮಾಡಿದಳು, 10ಕ್ಕೆ ರಾಜಿ ಆಯಿತು.

ಒಡೆದ ಕಲ್ಲು ಮತ್ತೆ ಬರೋದು ಬೇರೆ ಕಾಯಿಲೆ. ಆಟದ ಲೋಕ ಇರೋದು ಶಿರಸಿಯ ಕಂಪ್ಯೂಟರಿನಲ್ಲಿ, ಇಲ್ಲಿಂದ 9 ಸಾವಿರ ಕಿಲೋಮೀಟರಿಗಿಂತ ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ನೇರ ದಾರಿ ಇದ್ದರೂ ಹೋಗಿ ಬರೋಕೆ 90 ಮಿಲಿಸೆಕೆಂಡ್ ಬೇಕು, ಕೇಬಲ್ಲು ನೇರ ಹೋಗಲ್ಲ, ಅದರ ಮೇಲೆ ಮನೆಯ ವೈಫೈ ಬೇರೆ. ಎಫ್3ರ ಅಂಕಿ ಚೆನ್ನಾಗಿದ್ದೂ ಕಲ್ಲು ವಾಪಸ್ ಬಂದರೆ ಅದು ದಾರಿಯ ತಡ. ಎಂಥ ದುಬಾರಿ ಗ್ರಾಫಿಕ್ಸ್ ಕಾರ್ಡೂ ಶಿರಸಿಯನ್ನು ಹತ್ತಿರ ತರಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿ ಅಂದೆ. ಸ್ವಲ್ಪ ಸುಧಾರಿಸಿದೆಯಂತೆ. ಅಜ್ಜಿಯ ಫೋಟೊ ಮತ್ತೆ ಪರದೆಗೆ ಬಂದಿದೆ.

ಪೋಷಕರಿಗೆ ಎರಡು ಮಾತು. ಒಂದೇ ರ‍್ಯಾಮ್ ಇರುವ ಲ್ಯಾಪ್‌ಟಾಪಿಗೆ ಎರಡನೆಯದು ಹಾಕಿದರೆ ಆ 25.6 ಜಿಬಿ ದಾರಿ ಎರಡು ಪಟ್ಟು ಅಗಲ ಆಗುತ್ತೆ, ಹೊಸ ಲ್ಯಾಪ್‌ಟಾಪಿಗಿಂತ ಎಷ್ಟೋ ಅಗ್ಗ. ಕೆಲವದರಲ್ಲಿ ಬೆಸುಗೆ ಹಾಕಿರ್ತಾರೆ, ಮೊದಲು ವಿಚಾರಿಸಿ. ಸ್ಪರ್ಧೆಯ ಗೇಮ್ ಆಡುವ ದೊಡ್ಡ ಮಕ್ಕಳು "ವಿಂಡೋದಲ್ಲಿ ಆಡಿದರೆ ಕೈಗೆ ತಡ ಅನ್ಸುತ್ತೆ" ಅಂದರೆ ಸುಮ್ಮನೆ ತಳ್ಳಿಹಾಕಬೇಡಿ. ನಕಲು ಮಾಡುವ ಮೇಷ್ಟ್ರಿಂದ ಒಂದು ಚಿತ್ರದಷ್ಟು ತಡ ಆಗಬಹುದು, 60ರ ಪರದೆಯಲ್ಲಿ ಅದು ಸುಮಾರು 17 ಮಿಲಿಸೆಕೆಂಡ್, ಮತ್ತು ಎಫ್‌ಪಿಎಸ್ ಅಂಕಿಯಲ್ಲಿ ಅದು ಕಾಣೋದೇ ಇಲ್ಲ. ಅದಕ್ಕೆ ಮದ್ದು ಫುಲ್ ಸ್ಕ್ರೀನ್, ಖರ್ಚಿಲ್ಲ.

ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯ ಕಂಪ್ಯೂಟರಿನ ಮೇಲೂ ಇದನ್ನು ಮಾಡಿ, ಫೆಬ್ರವರಿಯಲ್ಲಿ ತರಗತಿ ಶುರುವಾದಾಗ ಅಂಕಿಗಳನ್ನು ತಂದು ತೋರಿಸಿ. ೬ ಯಾವ ಕಡೆ ತಿರುಗುತ್ತೆ ಅಂತ ಬರೆಯೋ ಮುಂಚೆ ಒಮ್ಮೆ ನೋಡಿಕೊಳ್ಳಿ.