ಅವ್ವನ ಹೆಪ್ಪು

ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮನ್ನು ಎಲ್ಲರೂ ‘ಮದ್ರಾಸಿ’ ಎಂದೇ ಕರೆಯುತ್ತಿದ್ದರು. ಇಡ್ಲಿ ತಿನ್ನುವವರೆಲ್ಲ ಮದ್ರಾಸಿಗಳು. ನಾವು ಧಾರವಾಡದವರು ಎಂದರೆ ಕೇಳುವವರಾರು? ಬ್ಯಾಕ್ಟೀರಿಯಾಗಳ ಹಣೆಬರಹವೂ ಬಹುಕಾಲ ಹೀಗೆಯೇ ಇತ್ತೆಂದು ತಿಳಿದದ್ದು ಮಗಳು ಸೂಕ್ಷ್ಮಜೀವಿಶಾಸ್ತ್ರ ಓದತೊಡಗಿದ ಮೇಲೆ.

ಆಕಾರ ಹೇಗಿದೆ, ಯಾವ ಸಕ್ಕರೆಯನ್ನು ಹುಳಿ ಮಾಡುತ್ತದೆ, ಎಷ್ಟು ಕಾವಿನಲ್ಲಿ ಬೆಳೆಯುತ್ತದೆ ಎಂದು ನೋಡಿ ಹೆಸರಿಡುತ್ತಿದ್ದರಂತೆ. 1901ರಲ್ಲಿ ಹೆಸರು ಪಡೆದ ‘ಲ್ಯಾಕ್ಟೊಬ್ಯಾಸಿಲಸ್’ ಕುಲದೊಳಗೆ ಹೀಗೆ 260ಕ್ಕೂ ಹೆಚ್ಚು ಪ್ರಭೇದಗಳು ತುಂಬಿಕೊಂಡವು. ಜೀನೋಮನ್ನು, ಅಂದರೆ ಡಿಎನ್‌ಎಯ ಪೂರ್ತಿ ಬರಹವನ್ನು, ಅಕ್ಷರ ಅಕ್ಷರವಾಗಿ ಓದಿ ಹೋಲಿಸಿದಾಗ ಎಷ್ಟೋ ದೂರದವರು ಒಂದೇ ಸೂರಿನಡಿ ಇದ್ದದ್ದು ಬಯಲಾಯಿತು. 2020ರಲ್ಲಿ ಅದನ್ನು ಒಡೆದು 23 ಹೊಸ ಕುಲಗಳನ್ನು ಮಾಡಿದರು. ಮೊಸರಿನ ಬಲ್ಗೇರಿಕಸ್ ಹಳೆಯ ಮನೆಯಲ್ಲೇ ಉಳಿಯಿತು.

ನಮ್ಮ ಮನೆಯ ಮೊಸರಿಗೆ ಬರೋಣ. ಮದುವೆಯಾದ ವರ್ಷ ಅವ್ವ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟ ಹೆಪ್ಪಿನಿಂದಲೇ ಅದು ನಡೆದು ಬಂದಿತ್ತು. 2005ರ ಜುಲೈ 26ರ ಮಳೆಯಲ್ಲಿ ಕುರ್ಲಾದ ನಮ್ಮ ನೆಲಮಹಡಿಯ ಮನೆಗೆ ಸೊಂಟಮಟ್ಟ ನೀರು ನುಗ್ಗಿ, ಪಾತ್ರೆಸಮೇತ ಹೆಪ್ಪು ಹೋಯಿತು. ಮತ್ತೆ ಕೊಡಲು ಅವ್ವ ಇರಲಿಲ್ಲ. ನೀರಿಳಿದ ಮೇಲೆ ಮೂರನೆಯ ಮಹಡಿಯ ಮಾಮಿ ಒಂದು ಚಮಚ ಹೆಪ್ಪು ತಂದು, “ಇದು ನಿಮ್ಮದೇ, ಹಿಂದೆ ನೀವೇ ಕೊಟ್ಟದ್ದು” ಎಂದರು. ನಾವು ನಂಬಿದೆವು. ನಂಬದೆ ಏನು ಮಾಡುವುದು?

ಆದರೂ ಮೊನ್ನೆ ಮಗಳನ್ನು ಕೇಳಿಯೇಬಿಟ್ಟೆವು: ಇದು ಅವ್ವನ ಹೆಪ್ಪೇ ಹೌದೋ ಅಲ್ಲವೋ, ನಿಮ್ಮ ಯಂತ್ರ ಹೇಳೀತೇ?

“ಹಂಗ ಹೇಳಾಕ ಬರೂದಿಲ್ಲ, ಅಪ್ಪಾ” ಎಂದಳು. ಎರಡು ಜೀನೋಮುಗಳು ನೂರಕ್ಕೆ 95ರಷ್ಟಾದರೂ ಹೊಂದಿದರೆ ಒಂದೇ ಪ್ರಭೇದವೆನ್ನುತ್ತಾರೆ. ಒಂದೇ ತಳಿ ಎನ್ನಬೇಕಾದರೆ ಅಷ್ಟು ಸಾಲದು; ಲಕ್ಷಾಂತರ ಅಕ್ಷರಗಳಲ್ಲಿ ಎಷ್ಟು ಬೇರೆಯಾಗಿವೆ ಎಂದು ಎಣಿಸಬೇಕು. ಎಣಿಸಲು ಅವ್ವನ ಕಾಲದ ಹೆಪ್ಪೂ ಕೈಯಲ್ಲಿರಬೇಕಷ್ಟೆ. ಊರಿನಲ್ಲಿ ಅಣ್ಣನ ಮನೆಗೆ ಈಗ ಪಾಕೀಟಿನ ಮೊಸರು ಬರುತ್ತದೆ. ಮೇಲಾಗಿ, ಹೆಪ್ಪೆಂದರೆ ಒಂದು ತಳಿಯಲ್ಲ, ಒಂದು ಸಂತೆ. ಪಾತ್ರೆ, ಸೌಟು, ಗಾಳಿಯಿಂದ ಹೊಸಬರು ಸೇರುತ್ತಲೇ ಇರುತ್ತಾರೆ.

ನಮ್ಮ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಪ್ರಯೋಗಾಲಯದಿಂದ ಎರಡು ಪುಟ್ಟ ನಳಿಗೆಗಳನ್ನು ತಂದಳು. ಒಂದರಲ್ಲಿ ನಮ್ಮ ಹೆಪ್ಪು ತುಂಬಿದಳು. ಚೀಟಿಯ ಮೇಲೆ ಊರಿನ ಹೆಸರು ಬರೆಯಬೇಕು. “ಧಾರವಾಡ ಅಂತ ಬರಿ” ಎಂದಳು ನಮ್ಮಾಕೆ. ಮಾದರಿ ಎಲ್ಲಿ ತೆಗೆದದ್ದೋ ಆ ಊರನ್ನೇ ಬರೆಯುವುದು ಪದ್ಧತಿಯಂತೆ. ‘ಕುರ್ಲಾ, ಮುಂಬಯಿ’ ಎಂದು ಬರೆದು, ಇನ್ನೊಂದು ನಳಿಗೆ ಹಿಡಿದು ಮಾಮಿಯ ಮನೆಯ ಮೆಟ್ಟಿಲು ಹತ್ತಿದಳು.