ಬೇಕರಿ, ಬೆಂಚು ಮತ್ತು ಪಿರಿಯಾಪಟ್ಟಣದ ಲೈನು

ಸೌದೆ ಒಲೆಯ ಬೇಕರಿಯಲ್ಲಿ ಮಾಲೀಕ ಅಂತ ಯಾರಾದರೂ ಇದ್ದರೆ ಅದು ಒಲೆಯೇ. ಮಿಕ್ಕವರೆಲ್ಲ ಅದರ ಆಳುಗಳು. ಹುಣಸೂರಿನ ನಮ್ಮ ಬೇಕರಿಯಲ್ಲಿ ಸಂಜೆ ಏಳಕ್ಕೆ ಒಲೆಯ ಹೊಟ್ಟೆಯೊಳಗೇ ಸೌದೆ ಪೇರಿಸಿ ಬೆಂಕಿ ಹಾಕುತ್ತೇವೆ. ಮಸಿ ಹಿಡಿದ ಇಟ್ಟಿಗೆ ಕಮಾನು ಎರಡು ಮೂರು ಗಂಟೆಯಲ್ಲಿ ಬೆಳ್ಳಗಾಗುತ್ತದೆ. ಆಗ ಕೆಂಡ ಎಳೆದು ಹಾಕಿ, ಒದ್ದೆ ಗೋಣಿ ಸುತ್ತಿದ ಗಳುವಿನಿಂದ ಒಳನೆಲ ಒರೆಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅಲ್ಲಿಂದ ಬೆಳಗಿನವರೆಗೆ ಹೊಸ ಬೆಂಕಿಯಿಲ್ಲ. ಇಟ್ಟಿಗೆ ಕುಡಿದಿಟ್ಟುಕೊಂಡ ಶಾಖವೇ ಬಂಡವಾಳ. ಮೊದಲ ಜೋರಿಗೆ ಬನ್ನು, 12ರಿಂದ 15 ನಿಮಿಷ. ಆಮೇಲೆ ಬ್ರೆಡ್ಡು, ಅರ್ಧ ಗಂಟೆಗೂ ಮೇಲೆ. ಶಾಖ ಇಳಿದ ಹಾಗೆ ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು, ಕೇಕು. ಎಲ್ಲ ಮುಗಿದ ಮೇಲೆ ನಿನ್ನೆಯ ಬ್ರೆಡ್ಡಿನ ಚೂರುಗಳು ಉಳಿದ ಬಿಸಿಯಲ್ಲಿ ಒಣಗಿ ರಸ್ಕಾಗುತ್ತವೆ. ಈ ಸಾಲನ್ನು ಹಿಂದುಮುಂದು ಮಾಡಲು ಬರುವುದಿಲ್ಲ. ಯಾರ ಮದುವೆ ಇದ್ದರೂ, ಯಾರಿಗೆ ಜ್ವರ ಬಂದರೂ, ನಾದಿಟ್ಟ ಹಿಟ್ಟು ಉಬ್ಬುತ್ತಲೇ ಇರುತ್ತದೆ.

ಒಳಗೆ ನಾವು ನಾಲ್ಕು ಜನ. ಮಾಸ್ಟರು, ಇಬ್ಬರು ಹುಡುಗರು, ನಾನು. ಮಾಸ್ಟರು ಹಾಸನದ ಕಡೆಯವನು. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಹನ್ನೊಂದು ವರ್ಷ ಒಟ್ಟಿಗೆ ರಾತ್ರಿ ಕಳೆದಿದ್ದೇವೆ. ನಾನು ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಬೇಕರಿ ವಿಷಯಕ್ಕೆ ಸಣ್ಣದೊಂದು ತರಬೇತಿಯನ್ನೂ ಪಡೆದು ಬಂದವನು. ಥರ್ಮಾಮೀಟರು ತಂದಿದ್ದೆ. ಅವನು ಅದನ್ನು ಮೊಳೆಗೆ ತಗುಲಿಸಿ, ಒಲೆಯ ಬಾಯಿಗೆ ಕೈ ಚಾಚಿ ಒಂದು ಎರಡು ಎಂದು ಎಣಿಸುತ್ತಿದ್ದ. ಎಷ್ಟಕ್ಕೆ ಕೈ ಹಿಂದಕ್ಕೆ ಬರುತ್ತದೋ ಅದರ ಮೇಲೆ ಬನ್ನೋ ಬ್ರೆಡ್ಡೋ ತೀರ್ಮಾನ. ಅನುಮಾನ ಬಂದರೆ ಒಂದು ಚಿಟಿಕೆ ಮೈದಾ ಇಟ್ಟಿಗೆಯ ಮೇಲೆ ಎಸೆದು ಅದು ಕೆಂಪಾಗುವುದನ್ನು ನೋಡುತ್ತಿದ್ದ. ಥರ್ಮಾಮೀಟರು ಅವನನ್ನು ತಪ್ಪು ಎಂದು ತೋರಿಸಿದ್ದು ನನಗಂತೂ ನೆನಪಿಲ್ಲ.

ಬೇಕರಿ ಕೆಲಸ ನಮ್ಮಲ್ಲಿ ಪುಸ್ತಕದಿಂದ ಬಂದದ್ದಲ್ಲ, ಒಬ್ಬರ ಪಕ್ಕ ಒಬ್ಬರು ನಿಂತು ಬಂದದ್ದು. ಹಾಸನದಿಂದ ಹೋದ ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಅಂಗಡಿ ತೆರೆದರು. ಅಲ್ಲಿಂದ ನೆಂಟರಿಗೆ, ಊರವರಿಗೆ, ಪಾತ್ರೆ ತೊಳೆಯಲು ಬಂದ ಹುಡುಗರಿಗೆ ಕೆಲಸ ಹರಿದು, ಇವತ್ತು ಅಯ್ಯಂಗಾರ್ ಬೇಕರಿ ಎಂಬ ಬೋರ್ಡಿಲ್ಲದ ತಾಲ್ಲೂಕು ಕೇಂದ್ರ ಹುಡುಕಬೇಕು. ಒಳಗಿರುವವರು ಅಯ್ಯಂಗಾರರೇ ಆಗಿರಬೇಕೆಂದಿಲ್ಲ. ನಮ್ಮ ಕಡೆಗೆ ಇನ್ನೊಂದು ದಾರಿಯೂ ಇದೆ. ಹುಣಸೂರಿನಿಂದ ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಾಕುಟ್ಟದ ಘಟ್ಟ ಇಳಿದರೆ ತಲಶ್ಶೇರಿ. ಅಲ್ಲಿ ಮಂಬಳ್ಳಿ ಬಾಪು 1880ರಲ್ಲೇ ಬಿಸ್ಕತ್ತಿನ ಕಾರ್ಖಾನೆ ಹಾಕಿ, 1883ರಲ್ಲಿ ಒಬ್ಬ ತೋಟದ ದೊರೆಗೆ ಕ್ರಿಸ್‌ಮಸ್ ಕೇಕು ಮಾಡಿಕೊಟ್ಟವರು. ಹಾಸನದ ಖಾರಾ ಬನ್ನು, ಕೇರಳದ ಪಫ್ಫು ಎರಡೂ ನಮ್ಮ ಗಾಜಿನ ಬೀರುವಿನಲ್ಲಿ ಅಕ್ಕಪಕ್ಕ ಕೂತಿರುವುದಕ್ಕೆ ಈ ಎರಡು ದಾರಿಗಳೇ ಕಾರಣ ಎಂದು ನನ್ನ ಲೆಕ್ಕ. ಈ ಕಸುಬಿನ ಒಳಗೊಂದು ಅಲಿಖಿತ ಕರಾರಿದೆ: ಇವತ್ತಿನ ಹುಡುಗ ನಾಳೆ ಮಾಸ್ಟರು, ನಾಡಿದ್ದು ಮಾಲೀಕ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ.

ಬೆಳಗ್ಗೆ ಐದಕ್ಕೆ ಒಮ್ನಿ ಹೊರಡುತ್ತದೆ. ಹಳ್ಳಿ ಅಂಗಡಿಗಳಿಗೆ ಮಾಲು ಹಾಕುವುದಕ್ಕೆ ನಾವು ಲೈನು ಅನ್ನುತ್ತೇವೆ. ಒಂದು ದಿನ ಕೆ.ಆರ್. ನಗರದ ಕಡೆ, ಒಂದು ದಿನ ಎಚ್.ಡಿ. ಕೋಟೆ, ಎರಡು ದಿನ ಪಿರಿಯಾಪಟ್ಟಣ, ಮಿಕ್ಕ ದಿನ ಹುಣಸೂರಿನ ಸುತ್ತಮುತ್ತ. ಕೆ.ಆರ್. ನಗರದ್ದು ಕಾವೇರಿ ನೀರಿನ, ಭತ್ತದ ಲೆಕ್ಕಾಚಾರ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಬಂತೆಂದರೆ ಬನ್ನು ಎಷ್ಟಿದ್ದರೂ ಸಾಲದು. ಉಳಿದ ಮೂರು ತಾಲ್ಲೂಕು ನಡೆಯುವುದು ಹೊಗೆಸೊಪ್ಪಿನ ಮೇಲೆ. ಮಳೆಗಾಲದಲ್ಲಿ ವರ್ಜೀನಿಯಾ ಎಲೆ ಮುರಿದು ಬ್ಯಾರನ್ನಿಗೆ ತುಂಬಿ ಬೆಂಕಿ ಹಾಕಿದರೆ ಒಂದು ಸಲದ ಬೇಯಿಸುವಿಕೆ ಮುಗಿಯಲು ವಾರದ ಹತ್ತಿರ ಬೇಕು. ರಾತ್ರಿಯೆಲ್ಲ ಯಾರಾದರೂ ಎದ್ದು ಶಾಖ ನೋಡಬೇಕು. ಹಾಗೆ ನಿದ್ದೆಗೆಟ್ಟವರು ಬೀಡಿ, ಟೀ, ಬನ್ನಿನ ಮೇಲೆ ಬೆಳಗು ಮಾಡುತ್ತಾರೆ. ನಮ್ಮ ಹಾಗೆಯೇ ಒಲೆಯ ಆಳುಗಳು ಅವರೂ. ಒಂದೇ ತೊಂದರೆ, ಅದೇ ತಿಂಗಳು ಸೌದೆಯ ಬೆಲೆಯೂ ಏರುತ್ತದೆ; ಅವರ ಬ್ಯಾರನ್ನಿಗೂ ನಮ್ಮ ಒಲೆಗೂ ಬೇಕಾದದ್ದು ಅದೇ ಸೌದೆ.

ದುಡ್ಡು ಓಡಾಡುವುದು ಮಾತ್ರ ಹರಾಜು ಶುರುವಾದ ಮೇಲೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಬೇಲಿಗೆ ಎಷ್ಟು ಸಿಕ್ಕಿತು ಎಂಬುದರ ಮೇಲೆ ರೈತ ಹಳ್ಳಿ ಅಂಗಡಿಯವನಿಗೆ ಕೊಡುತ್ತಾನೆ, ಅಂಗಡಿಯವನು ನನಗೆ. ಅಲ್ಲಿಯವರೆಗೆ ಎಲ್ಲ ಚೀಟಿಯಲ್ಲಿ. ಹುಡುಗರ ಸಂಬಳ ಚೀಟಿಯಲ್ಲಿ ಕೊಡಲು ಬರುವುದಿಲ್ಲವಲ್ಲ. ಅದಕ್ಕೇ 15 ದಿನ ಎಂದು ಗೆರೆ ಎಳೆದಿದ್ದೇನೆ. ಅಂಗಡಿಯವನು ಸ್ನೇಹಿತನೋ, ಸಹಪಾಠಿಯೋ, ಮಾವನ ಕಡೆಯವನೋ, ಎಲ್ಲರಿಗೂ 15 ದಿನ. ಈ ಗೆರೆಯಿಂದ ಕಳೆದುಕೊಂಡ ಇಬ್ಬರು ಸ್ನೇಹಿತರಿದ್ದಾರೆ. ಗೆರೆ ಇಲ್ಲದಿದ್ದರೆ ಇನ್ನೂ ಹೆಚ್ಚು ಜನರನ್ನು ಕಳೆದುಕೊಳ್ಳುತ್ತಿದ್ದೆ ಎಂದು ಈಗಲೂ ನಂಬಿದ್ದೇನೆ.

ಹೊರಗೆ ಒಂದು ಕಲ್ಲು ಬೆಂಚಿದೆ. ಕಾಲೇಜು ಮೇಷ್ಟ್ರು ಒಬ್ಬರು, ಬಸ್ ಕಂಡಕ್ಟರು, ಆಟೋದವನು, ಇನ್ಶೂರೆನ್ಸಿನವನು. ಸಂಜೆ ಆರರಿಂದ ಅವರ ಸಭೆ. ನಾನು ಸೌದೆ ಪೇರಿಸಬೇಕಾದ ಹೊತ್ತೂ ಅದೇ. ಮೊದಲ ವರ್ಷ ಮಾತಿಗೆ ಕೂತರೆ ಮಾಸ್ಟರು ಒಳಗಿನಿಂದ ತಗಡು ಬಡಿಯುತ್ತಿದ್ದ. ಆಮೇಲೆ ಬೆಂಚಿನವರೇ ಆ ಸದ್ದು ಕಲಿತು, 'ಓಗಪ್ಪ, ನಿನ್ನ ಎಂಡ್ತಿ ಕರೀತಾವ್ಳೆ' ಅನ್ನತೊಡಗಿದರು.

ಆ ಬೆಂಚಿನ ಮೇಲೆ ಹೆಚ್ಚು ಖರ್ಚಾಗುವುದು ಕಾಂಗ್ರೆಸ್ ಕಡ್ಲೆಕಾಯಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಎರಡು ಹೋಳಾದ ಈ ಕಡ್ಲೆಗೆ ಆ ಹೆಸರು ಬಂತು ಎಂದು ಕಥೆ. ಬೇರೆ ಊರಿನಲ್ಲಿ ಅದು ಬರೀ ತಿಂಡಿ. ಹುಣಸೂರಿನಲ್ಲಿ, ಕಲ್ಲಹಳ್ಳಿಯ ದೇವರಾಜ ಅರಸರ ಕ್ಷೇತ್ರದಲ್ಲಿ, 1972ರಲ್ಲಿ ಮುಖ್ಯಮಂತ್ರಿ ಕೊಟ್ಟ ಊರಿನಲ್ಲಿ, ಕಡ್ಲೆ ಬಾಯಿಗೆ ಬಿದ್ದ ತಕ್ಷಣ ಚರ್ಚೆ ಆರಂಭ. ಅರ್ಧ ಕಿಲೋ ಕಡ್ಲೆಗೆ ಒಂದು ಭೂಸುಧಾರಣೆ ಮುಗಿಯುತ್ತದೆ.

ಇವರ ಜೊತೆ ಲೆಕ್ಕ ಮಾತಾಡುವುದು ಕಷ್ಟ. 2016ರಲ್ಲಿ ಬ್ರೆಡ್ಡಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕಬಾರದೆಂದು ಸರ್ಕಾರ ನಿಲ್ಲಿಸಿತು. ಆಮೇಲೆ ಬ್ರೆಡ್ಡು ಕೊಂಚ ಕುಗ್ಗಿದ್ದಕ್ಕೆ ನಾನು ಜಿಪುಣನಾದೆ ಎಂದು ಬೆಂಚು ತೀರ್ಪು ಕೊಟ್ಟಿತು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಮೂರು ವಾರವಷ್ಟೇ, ಆದರೆ ಯುದ್ಧದಿಂದ ಆಗಲೇ ಏರಿದ್ದ ವನಸ್ಪತಿ ಡಬ್ಬದ ರೇಟು ಕೇಳಲಾಗುತ್ತಿರಲಿಲ್ಲ. ಖಾರಾ ಬನ್ನಿಗೆ ಎರಡು ರೂಪಾಯಿ ಹೆಚ್ಚಿಸಿದೆ. 'ಇಂಡೋನೇಷ್ಯಾಕ್ಕೂ ನಿನ್ ಖಾರಾ ಬನ್ಗೂ ಏನ್ಲಾ ನೆಂಟಸ್ತನ?' ಎಂದ ಆಟೋದವನು. ವಿವರಿಸಿದೆ. ಕೇಳಿಸಿಕೊಂಡು ಹಳೇ ರೇಟನ್ನೇ ಕೊಟ್ಟು ಹೋದ. ಮಾರನೇ ದಿನ ಅವನ ಆಟೋದಲ್ಲಿ ಹೋಗಿ ನಾನೂ ಹಳೇ ರೇಟು ಕೊಟ್ಟೆ. ಅಲ್ಲಿಗೆ ಚುಕ್ತಾ.

ಕಳೆದ ಹರಾಜಿನ ಕಾಲದಲ್ಲಿ, ಬ್ರೆಡ್ಡು ಒಳಗೆ ಹೋಗಿ ಕೇಕಿನ ಹಿಟ್ಟು ಕಲೆಸುವ ಮಧ್ಯದ ಬಿಡುವಿನಲ್ಲಿ, ರಾತ್ರಿ ಎರಡರ ಸುಮಾರಿಗೆ ಮಾಸ್ಟರು ಹೇಳಿದ: 'ಪಿರಿಯಾಪಟ್ಟಣದಲ್ಲಿ ಒಂದು ಅಂಗಡಿ ನೋಡಿದೀನಿ.'

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಬ್ರೆಡ್ಡು ಬಿಡಲೂ ಇಲ್ಲ. ಉದ್ದ ಸಲಿಕೆಯಲ್ಲಿ ಅವನು ಎಳೆಯುತ್ತ ಹೋದ, ನಾನು ಅಚ್ಚುಗಳನ್ನು ಕೊಡವುತ್ತ ಹೋದೆ. ಕೊನೆಯ ಅಚ್ಚು ಬಂದ ಮೇಲೆ, 'ಚಿಕ್ಕ ಹುಡುಗನ್ನ ಕರ್ಕೊಂಡೋಗ್ಲಾ?' ಅಂದ.

ನಮ್ಮ ಮಾರಾಟದಲ್ಲಿ ಮೂರನೇ ಒಂದು ಭಾಗ ಪಿರಿಯಾಪಟ್ಟಣದ ಲೈನಿನದು. ಕಂಪಲಾಪುರ, ಬೆಟ್ಟದಪುರ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಪಕ್ಕದ ಅಂಗಡಿಗಳು, ಎಲ್ಲ ಅದರಲ್ಲೇ. ಆ ಅಂಗಡಿಯವರಿಗೆ ನನಗಿಂತ ಮಾಸ್ಟರೇ ಹೆಚ್ಚು ಪರಿಚಯ. ಒಮ್ನಿ ಕೈಕೊಟ್ಟ ದಿನಗಳಲ್ಲಿ ಮಾಲು ಹಾಕಿದವನು ಅವನು. ಬೆಂಚಿಗೆ ಸುದ್ದಿ ಗೊತ್ತಾಯಿತು. ಮೇಷ್ಟ್ರು ಕಾಗದದ ಮೇಲೆ ಕರಾರು ಬರೆಸಿಕೋ ಅಂದರು, ಐದು ವರ್ಷ ಆ ಲೈನು ಮುಟ್ಟಕೂಡದು ಅಂತ. ಇನ್ಶೂರೆನ್ಸಿನವನು ಸಂಬಳ ಹೆಚ್ಚಿಸಿ ಕಟ್ಟಿಹಾಕು ಅಂದ. ಕಂಡಕ್ಟರು ಮಾತ್ರ, 'ಅವ್ನು ಎಷ್ಟು ವರ್ಷ ನಿನ್ನತ್ರ ಇರ್ಬೇಕು, ನೀನೇ ಒಂದು ನಂಬರ್ ಹೇಳು' ಅಂದ. ನನ್ನ ಬಳಿ ನಂಬರಿರಲಿಲ್ಲ.

ಲೆಕ್ಕದ ಪುಸ್ತಕ ಹಿಡಿದು ಕೂತೆ. ಲೈನು ಹೋದರೆ ಇಬ್ಬರು ಹುಡುಗರಿಗೆ ಕೆಲಸ ಇರುವುದಿಲ್ಲ. ಒಬ್ಬ ಅವನ ಜೊತೆ ಹೋದರೆ ಲೆಕ್ಕ ಸರಿಹೋಗುತ್ತದೆ. ಯಾವ ಮಾತು ಹೆಚ್ಚು ಚುಚ್ಚಿತ್ತೋ ಅದೇ ಪುಸ್ತಕದಲ್ಲಿ ನನ್ನ ಪರ ನಿಂತಿತ್ತು. ಆದರೆ ಹುಡುಗನನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಅವನು, 'ನಾನು ಇಲ್ಲೇ ಇರ್ತೀನಣ್ಣ' ಅಂದ. ಅವನ ಊರು ಕೋಟೆ ತಾಲ್ಲೂಕಿನ ಕಾಡಂಚು, ತಾಯಿ ಒಬ್ಬಳೇ. ಹುಣಸೂರೇ ಅವನಿಗೆ ದೂರ.

ಮಾಸ್ಟರನ್ನು ಹಗಲು ಹೊತ್ತಿನಲ್ಲಿ ಕೂರಿಸಿಕೊಂಡು ಮಾತಾಡಿದ್ದು ಅದೇ ಮೊದಲು. ಬಿಸಿಲಲ್ಲಿ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಹೊಸದಾಗಿತ್ತು. ಪಿರಿಯಾಪಟ್ಟಣ ಊರು ಮತ್ತು ಬೈಲಕುಪ್ಪೆಯ ರಸ್ತೆ ಅವನಿಗೆ, ಬೆಟ್ಟದಪುರದ ಕಡೆ ನನಗೆ. ಹುಡುಗ ಇಲ್ಲೇ. ಮೂರು ವರ್ಷದಿಂದ ಅವನು ನನ್ನಲ್ಲಿ ಬಿಟ್ಟಿದ್ದ ಸಂಬಳದ ದುಡ್ಡು ಒಂದೇ ಸಲಕ್ಕೆ ಕೊಡಬೇಕು, ಏಕೆಂದರೆ ಇಟ್ಟಿಗೆಗೆ ಅಡ್ವಾನ್ಸು ಕೇಳುತ್ತಿದ್ದರು. ಕೊಟ್ಟೆ. ಆ ತಿಂಗಳು ಮೈದಾದವನಿಗೆ ನಾನು 15 ದಿನದ ಗೆರೆ ದಾಟಿದೆ.

ಹೊಸ ಒಲೆಗೆ ಒಮ್ಮೆಗೇ ಬೆಂಕಿ ಹಾಕುವಂತಿಲ್ಲ. ಹಸಿ ಗಾರೆಯ ನೀರು ಆವಿಯಾಗಿ ಕಮಾನು ಬಿರಿಯುತ್ತದೆ. ದಿನಾ ಸಣ್ಣ ಸಣ್ಣ ಬೆಂಕಿ, ವಾರಗಟ್ಟಲೆ. ಅಂಗಡಿಯ ಬಾಡಿಗೆ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಅಷ್ಟೂ ದಿನ ಅವನ ಅಂಗಡಿಯ ಬ್ರೆಡ್ಡು, ಬನ್ನು ನಮ್ಮ ಒಲೆಯಿಂದಲೇ ಹೋಯಿತು. ಸಂಜೆ ಅಲ್ಲಿ ಕಡ್ಡಿ ಸೌದೆ ಉರಿಸಿ, ಕೊನೆಯ ಬಸ್ಸಿಗೆ ಹುಣಸೂರಿಗೆ ಬಂದು, ತನ್ನ ಮಾಲನ್ನು ತಾನೇ ಬೇಯಿಸಿ, ಒಮ್ನಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದ. ಆ ರಾತ್ರಿಗಳಲ್ಲಿ ಚಿಕ್ಕ ಹುಡುಗನ ಕೈ ಹಿಡಿದು ಒಲೆಯ ಬಾಯಿಗೆ ಚಾಚಿಸಿ ಎಣಿಸುವುದು ಕಲಿಸಿದ. ಹುಡುಗನ ಚರ್ಮ ಎಳೆಯದು. ಮಾಸ್ಟರ ಎಂಟು ಅವನಿಗೆ ಐದು. ಅವನ ಲೆಕ್ಕವೇ ಬೇರೆ ಎಂದು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದುಕೊಂಡೆವು.

ಈಗ ಎಚ್.ಡಿ. ಕೋಟೆಯ ಲೈನನ್ನು ಸರಗೂರಿನವರೆಗೆ ಎಳೆದಿದ್ದೇವೆ. ಹೋದ ಅಷ್ಟೂ ಅಲ್ಲಿಂದ ಬಂದಿಲ್ಲ, ಅರ್ಧ ಬಂದಿದೆ. ನಾದುವ ಯಂತ್ರಕ್ಕೆಂದು ಇಟ್ಟಿದ್ದ ದುಡ್ಡು ಖರ್ಚಾಗಿದೆ; ಹಾಗಾಗಿ ಇನ್ನೂ ಕೈಯಲ್ಲೇ ನಾದುತ್ತೇವೆ, ಇಬ್ಬರೂ ಹುಡುಗರಿಗೆ ಕೆಲಸವಿದೆ.

ಪಿರಿಯಾಪಟ್ಟಣದ ಒಲೆ ಚಿಕ್ಕದು. ಬೆಳಗಿನ ಜಾವಕ್ಕೆ ರಸ್ಕಿಗೆ ಬೇಕಾದಷ್ಟು ಬಿಸಿ ಅದರಲ್ಲಿ ಉಳಿಯುವುದಿಲ್ಲ. ವಾರಕ್ಕೆರಡು ಸಲ ಮಾಸ್ಟರು ಫೋನು ಮಾಡಿ ಇಷ್ಟು ಕಿಲೋ ಎಂದು ಹೇಳುತ್ತಾನೆ, ಕಂಡಕ್ಟರು ಟಿನ್ನು ಹತ್ತಿಸಿಕೊಳ್ಳುತ್ತಾನೆ. ಬಿಲ್ಲು ಟಿನ್ನಿನ ಮುಚ್ಚಳದ ಕೆಳಗೆ ಇಟ್ಟಿರುತ್ತೇನೆ. ಅವನಿಗೂ 15 ದಿನ. ಇಲ್ಲಿಯವರೆಗೆ ಹದಿನಾಲ್ಕನೇ ದಿನ ದಾಟಿಸಿಲ್ಲ.