ಗೇರ್‌ಬಾಕ್ಸ್ ಎಣ್ಣೆಗೂ ವಯಸ್ಸಾಗುತ್ತದೆ

ಆಟೋಮ್ಯಾಟಿಕ್ ಕಾರು ಇರುವವರಿಗೊಂದು ಪ್ರಶ್ನೆ. ಇಂಜಿನ್ ಆಯಿಲ್ ತಪ್ಪದೆ ಬದಲಿಸುತ್ತೀರಿ, ಸರಿ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ್ದು ಯಾವಾಗ?

"ಅದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಅನ್ನುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಬಿಎಂಡಬ್ಲ್ಯೂನಂಥ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ಆ ಎಣ್ಣೆಯ ಮೇಲೆ ಎಷ್ಟು ಹೊರೆ ನೋಡಿ. ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ನಿನ ಬಲವನ್ನು ದಾಟಿಸುವುದು ಅದೇ. ಕ್ಲಚ್‌ಗಳನ್ನು ಒತ್ತಿ ಹಿಡಿದು ಗೇರ್ ಬದಲಿಸುವುದು ಅದರ ಒತ್ತಡವೇ. ಬಿಸಿಯನ್ನು ಹೊತ್ತು ಕೂಲರ್‌ಗೆ ಮುಟ್ಟಿಸುವುದೂ ಅದೇ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ತೆವಳುತ್ತಾ, ಶಿರಾಡಿ ಘಾಟಿ ಹತ್ತುತ್ತಾ ಕಾದಷ್ಟೂ ಅದು ಬೇಗ ಕೆಡುತ್ತದೆ, ಕ್ಲಚ್ ಸವೆದ ಪುಡಿ ಬೇರೆ ಸೇರಿಕೊಳ್ಳುತ್ತದೆ. ಆಮೇಲೆ ಗೇರ್ ಬೀಳುವಾಗ ತಡ, ಜರ್ಕ್. ಅಲ್ಲಿವರೆಗೂ ಕಾಯಲೇಬಾರದು. ಎಣ್ಣೆಯ ಖರ್ಚೆಲ್ಲಿ, ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚೆಲ್ಲಿ!

ಪ್ಲಗ್ ಬಿಚ್ಚಿ ಬಸಿದರೆ ಪೂರ್ತಿ ಬರುವುದಿಲ್ಲ, ಟಾರ್ಕ್ ಕನ್ವರ್ಟರಿನಲ್ಲಿ ಸಾಕಷ್ಟು ಉಳಿದಿರುತ್ತದೆ. ಹಾಗಾಗಿ ಕೆಲವರು ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸುತ್ತಾರೆ. ಒಳ್ಳೆಯ ಕ್ರಮ. ಎಷ್ಟು ತುಂಬಿದೆ ಅಂತ ನೋಡುವುದು ಕಂಪನಿ ಹೇಳಿದ ಬಿಸಿಯಲ್ಲೇ ಆಗಬೇಕು.

ಇನ್ನು, ಆಟೋಮ್ಯಾಟಿಕ್‌ನಲ್ಲೂ ಬಗೆಗಳಿವೆ: ಸಿವಿಟಿಗೆ ಬೇರೆ ಎಣ್ಣೆ, ಡಿಸಿಟಿಗೆ ಬೇರೆ. ಎಎಂಟಿ ಒಳಗೆ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಹಾಗಾಗಿ ಅದರ ಎಣ್ಣೆಯೂ ಬೇರೆ. "ಎಲ್ಲದಕ್ಕೂ ಒಂದೇ ನಡೆಯುತ್ತೆ ಸಾರ್" ಅಂದರೆ ದಯವಿಟ್ಟು ಒಪ್ಪಬೇಡಿ. ಕಾರಿನ ಕೈಪಿಡಿಯಲ್ಲಿರುವ ಎಣ್ಣೆಯ ಹೆಸರನ್ನೇ ತೋರಿಸಿ, ಡಬ್ಬಿ ನಿಮ್ಮೆದುರೇ ತೆರೆಸಿ.